ಕೊನೆಯಾಟದ ಕಾಲಾಳು

ನಮ್ಮಲ್ಲಿ ‘ಆರಂಭಶೂರತ್ವ’ವೆಂಬ ಹಳೆಯ ಮಾತೊಂದಿದೆ. ಸಂಘವನ್ನು ಸ್ಥಾಪಿಸುವ ದಿನ ಸಭಾಂಗಣವು ಕಿಕ್ಕಿರಿದು ತುಂಬುವುದು; ಮೂರನೆಯ ವರ್ಷದ ಲೆಕ್ಕಪತ್ರವನ್ನು ಒಪ್ಪಿಸುವ ದಿನ ಕಾರ್ಯದರ್ಶಿಗಳೂ ಜಮಖಾನೆ ಹಾಸಿದ ಜವಾನನೂ ಮಾತ್ರ ಉಳಿಯುವರು. ಜೂನ್ ತಿಂಗಳಲ್ಲಿ ಹೊಸ ವಹಿಯ ಮೊದಲ ಪುಟದ ಅಕ್ಷರಗಳು ಮುತ್ತಿನಂತಿರುವುವು. ಫೆಬ್ರವರಿಯಲ್ಲಿ ಅದೇ ವಹಿಯ ಕೊನೆಯ ಪುಟವು ಬರೆದವನಿಗೂ ಓದಲು ಬಾರದು. ಈ ದೋಷವು ಚದುರಂಗದ ಹಲಗೆಯ ಮೇಲೆ ಎಷ್ಟು ಸ್ಪಷ್ಟವಾಗಿ ಕಾಣುವುದೋ ಅಷ್ಟು ಬೇರೆಲ್ಲಿಯೂ ಕಾಣದು. ಆದುದರಿಂದ ಆ ಆಟದ ಕೊನೆಯ ಭಾಗವನ್ನು ಕುರಿತು ನಾಲ್ಕು ಮಾತುಗಳನ್ನು ಈ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡಬೇಕೆಂದು ಬಯಸಿದ್ದೇವೆ.

ಇದಕ್ಕೊಂದು ಪ್ರಸಂಗವೂ ಒದಗಿದೆ. ನಮ್ಮ ಶಾಲೆಯಲ್ಲಿ ಶನಿವಾರದ ಕೊನೆಯ ತಾಸು ಚದುರಂಗಕ್ಕೆ ಮೀಸಲು. ಇರುವ ಹಲಗೆಗಳು ಆರು. ಅವುಗಳಲ್ಲಿ ಕಾಯಿಗಳು ಪೂರ್ತಿಯಾಗಿರುವುವು ನಾಲ್ಕೇ. ಉಳಿದೆರಡರಲ್ಲಿ ಕಳೆದುಹೋದ ಕಾಲಾಳುಗಳ ಸ್ಥಾನದಲ್ಲಿ ಅಂಗಿಯ ಗುಂಡಿಗಳು ನಿಂತು ಕರ್ತವ್ಯವನ್ನು ನಿರ್ವಹಿಸುತ್ತಿವೆ. ಈ ವರ್ಷದ ಪಾಲಕರ ಸಭೆಯಲ್ಲಿ ಆ ತಾಸನ್ನು ತೆಗೆದು ಹತ್ತನೆಯ ಇಯತ್ತೆಯ ಗಣಿತಕ್ಕೆ ಕೊಡಬೇಕೆಂಬ ಸೂಚನೆಯು ಬಂದಿತು. ಸೂಚನೆಯನ್ನು ತಂದವರು ಶಾಲೆಯ ಹಿತೈಷಿಗಳೇ ಹೊರತು ವಿರೋಧಿಗಳಲ್ಲ. ‘ಕನ್ನಡ ಶಾಲೆಯ ಮಕ್ಕಳು ಮೊದಲೇ ಹಿಂದೆ ಬೀಳುವರೆಂದು ಜನ ಆಡಿಕೊಳ್ಳುತ್ತಿರುವಾಗ ನಾವು ಆಟಕ್ಕೆ ತಾಸನ್ನು ಕೊಡುವುದು ಸರಿಯೆ?’ ಎಂಬ ಅವರ ಪ್ರಶ್ನೆಯಲ್ಲಿ ನೋವಿದೆ. ಅದನ್ನು ಹಗುರಾಗಿ ಕಾಣುವ ಉದ್ದೇಶ ನಮಗಿಲ್ಲ. ನಿರ್ಣಯವು ಮುಂದಿನ ಸಭೆಗೆ ಉಳಿದಿದೆ. ಅಷ್ಟರೊಳಗೆ ನಮ್ಮ ಅಭಿಪ್ರಾಯವನ್ನು ಹೇಳಿಬಿಡುವುದು ಪ್ರಾಮಾಣಿಕತನ. ಆ ತಾಸು ಉಳಿಯಬೇಕು. ಉಳಿದರೆ ಸಾಲದು, ಅದರಲ್ಲಿ ಆಟವನ್ನು ಹಿಂದಿನಿಂದ ಮುಂದಕ್ಕೆ, ಎಂದರೆ ಕೊನೆಯಿಂದ ಮೊದಲಿಗೆ, ಕಲಿಸಬೇಕು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕಳೆದ ಮಳೆಗಾಲದಲ್ಲಿ ನಗರದ ಶಾಲೆಗಳ ನಡುವಣ ಪಂದ್ಯಕ್ಕೆ ನಮ್ಮ ಒಂಬತ್ತನೆಯ ಇಯತ್ತೆಯ ಬಾಲಕನೊಬ್ಬನನ್ನು ಕರೆದೊಯ್ದಿದ್ದೆವು. ಅವನ ತಂದೆ ಕಲಬುರಗಿಯ ಕಡೆಯವರು, ಗೌಂಡಿ ಕೆಲಸದವರು. ಮಗನ ಆಟವನ್ನು ನೋಡಲು ಅರ್ಧ ದಿನದ ಪಗಾರನ್ನು ಬಿಟ್ಟು ಬಂದು, ಕೈಕಾಲಿನ ಸಿಮೆಂಟನ್ನು ತೊಳೆದುಕೊಂಡು, ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಬಾಲಕನು ನಾಲ್ಕನೆಯ ಸುತ್ತಿನಲ್ಲಿ ಚೆನ್ನಾಗಿಯೇ ಆಡಿದನು. ಇಬ್ಬರಿಗೂ ಒಂದೊಂದು ಆನೆ ಉಳಿಯಿತು. ಬಲಬದಿಯಲ್ಲಿ ಇಬ್ಬರಿಗೂ ಎರಡೆರಡು ಕಾಲಾಳು. ಎಡಬದಿಯ ಅಂಚಿನ ಸಾಲಿನಲ್ಲಿ ನಮ್ಮ ಬಾಲಕನಿಗೆ ಮಾತ್ರ ಹೆಚ್ಚಿನದೊಂದು ಕಾಲಾಳು. ಅದನ್ನು ತಡೆಯುವ ಕಾಲಾಳು ಎದುರಾಳಿಯಲ್ಲಿ ಇರಲಿಲ್ಲ. ಬಾಲಕನ ಕಣ್ಣು ಆ ಒಂದು ಕಾಲಾಳಿನ ಮೇಲೆಯೇ ನೆಟ್ಟಿತು. ಅದರ ಮುಂದೆ ಆನೆಯನ್ನು ನಡೆಸಿಕೊಂಡು ಹೋಗಿ, ಹಿಂದಿನಿಂದ ಕಾಲಾಳನ್ನು ಓಡಿಸಿ, ಏಳನೆಯ ಸಾಲನ್ನು ಮುಟ್ಟಿಸಿಯೇಬಿಟ್ಟನು. ಆಗ ನೋಡುವುದೇನು? ಎಂಟನೆಯ ಸಾಲಿನ ಮೂಲೆಯ ಮನೆಯಲ್ಲಿ ಅವನದೇ ಆನೆ ಕುಳಿತಿದೆ. ಕಾಲಾಳು ಮುಂದೆ ಹೋಗುವಂತಿಲ್ಲ. ಆನೆಯು ಸುಮ್ಮನೆ ಸರಿದರೆ, ಸಾಲಿನ ಇನ್ನೊಂದು ತುದಿಯಲ್ಲಿ ಕಾದಿರುವ ಎದುರಾಳಿಯ ಆನೆಯು ಕಾಲಾಳನ್ನು ನುಂಗುವುದು. ರಾಜನು ಸಹಾಯಕ್ಕೆ ಬಂದರೆ ಅದೇ ಆನೆಯು ಹಿಂದಿನಿಂದ ಶಹ ಕೊಟ್ಟು ಕೊಟ್ಟು ಅಟ್ಟುವುದು. ಎದುರಾಳಿಯ ರಾಜನಾದರೋ ಜಿ-7, ಎಚ್-7 ಎಂಬ ಎರಡೇ ಮನೆಗಳ ನಡುವೆ ಜೋಕಾಲಿಯಾಡುತ್ತ ನಿಶ್ಚಿಂತನಾಗಿದ್ದನು. ಅವನು ಒಂದು ಮನೆ ತಪ್ಪಿ ಎಫ್-7ಕ್ಕೆ ಬಂದಿದ್ದರೆ ನಮ್ಮವನು ಆನೆಯನ್ನು ಎಚ್-8ಕ್ಕೆ ಹಾರಿಸಿ, ಕಾಲಾಳನ್ನು ತಿನ್ನಲು ಬಂದ ಆನೆಯನ್ನು ಏಳನೆಯ ಸಾಲಿನ ಶಹದಿಂದ ಹಿಡಿದುಬಿಡಬಹುದಾಗಿತ್ತು. ಆದರೆ ಎದುರಾಳಿ ಬಾಲಕನಿಗೆ ಅದು ತಿಳಿದಿತ್ತು, ಯಾರೋ ಕಲಿಸಿದ್ದರು. ನಮ್ಮವನಿಗೆ ತಿಳಿದಿರಲಿಲ್ಲ. ಆಟವು ಸಮವಾಯಿತು.

ಬಾಲಕನು ಹೊರಬಂದು, “ಸರ್, ಕಾಲಾಳು ಏಳನೇ ಮನಿಗೆ ಹೋಗಿತ್ರಿ, ಮುಂದ ಒಂದ ಮನಿ ಉಳಿದಿತ್ತು” ಎಂದು ಅತ್ತನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾವು ಅವನಿಗೆ ಆಟದ ಮೊದಲ ಹತ್ತು ನಡೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದೆವು. ಕೊನೆಯ ಹತ್ತು ನಡೆಗಳ ಬಗೆಗೆ ಒಂದು ಶನಿವಾರವನ್ನೂ ಕೊಟ್ಟಿರಲಿಲ್ಲ. ತಪ್ಪು ಅವನದಲ್ಲ, ನಮ್ಮದು. ಅವನ ತಂದೆ ಮಾತ್ರ ನಗುತ್ತಲೇ ಹೇಳಿದರು: “ಗ್ವಾಡಿ ಕಟ್ಟೂದು ಎಲ್ಲಾರಿಗೂ ಬರ್ತೈತ್ರಿ ಮಾಸ್ತರ್. ಸ್ಲ್ಯಾಬ್ ಹಾಕೋ ದಿನ ಮಾತ್ರ ಕೆಲಸ ಮುಗಿಯೂ ತನಕ ಯಾರೂ ಮನಿಗೆ ಹೋಗಂಗಿಲ್ಲ.” ಈ ಲೇಖನದ ಅರ್ಧ ಭಾಗ ಆ ಮಾತಿನಲ್ಲಿಯೇ ಇದೆ ಎಂದರೆ ಅತಿಶಯೋಕ್ತಿಯಲ್ಲ.

ಚದುರಂಗದ ಕೊನೆಯಾಟವೆಂದರೇನು? ಮಂತ್ರಿಗಳೂ ಕುದುರೆ ಒಂಟೆಗಳೂ ಬಹುಮಟ್ಟಿಗೆ ಮಡಿದು, ಹಲಗೆಯ ಮೇಲೆ ರಾಜರು, ಒಂದೆರಡು ಕಾಯಿಗಳು, ಕೆಲವು ಕಾಲಾಳುಗಳು ಮಾತ್ರ ಉಳಿದಿರುವ ಘಟ್ಟವದು. ಅಲ್ಲಿಯವರೆಗೆ ಯಾರೂ ಕಣ್ಣೆತ್ತಿ ನೋಡದ ಕಾಲಾಳಿಗೆ ಅಲ್ಲಿ ಬೆಲೆ ಬರುತ್ತದೆ. ಯಾವ ಕಾಲಾಳಿನ ಮುಂದೆಯೂ, ಅದರ ಎಡಬಲದ ಸಾಲುಗಳಲ್ಲಿಯೂ, ತಡೆಯಬಲ್ಲ ಶತ್ರುವಿನ ಕಾಲಾಳು ಇಲ್ಲವೋ ಅದನ್ನು ಇಂಗ್ಲಿಷಿನವರು ‘ಪಾಸ್ಡ್ ಪಾನ್’ ಎನ್ನುತ್ತಾರೆ. ನಾವು ತಡೆಯಿಲ್ಲದ ಕಾಲಾಳು ಎನ್ನೋಣ. ಎಂಟನೆಯ ಸಾಲನ್ನು ಮುಟ್ಟಿದರೆ ಅದು ಮಂತ್ರಿಯಾಗುವುದು. ನಮ್ಮ ಮಕ್ಕಳು ನೆರೆಹೊರೆಯ ಮರಾಠಿ ಗೆಳೆಯರಿಂದ ಕೇಳಿ ಇದನ್ನು ‘ಪ್ಯಾದೆ’ ಎಂದೂ ಮಂತ್ರಿಯನ್ನು ‘ವಜೀರ’ ಎಂದೂ ಕರೆಯುವುದುಂಟು. ಹೆಸರು ಯಾವುದಾದರೇನು, ನಡೆಯುವುದು ಒಂದೊಂದೇ ಮನೆ, ಹಿಂದಿರುಗುವಂತಿಲ್ಲ.

ಇಷ್ಟು ತಿಳಿದವನು ‘ಹಾಗಾದರೆ ಓಡಿಸಿಬಿಡೋಣ’ ಎನ್ನುವನು. ನಮ್ಮ ಬಾಲಕನು ಮಾಡಿದ್ದೂ ಅದನ್ನೇ. ಆನೆಯು ಕಾಲಾಳಿನ ಮುಂದಿರಬಾರದು, ಹಿಂದಿರಬೇಕು ಎಂಬುದು ಜರ್ಮನಿಯ ಟರಾಶ್ ಎಂಬ ವೈದ್ಯನು ಪ್ರಸಿದ್ಧಿಗೆ ತಂದ ಸೂತ್ರ. ಆನೆಯು ಹಿಂದಿದ್ದರೆ ಕಾಲಾಳು ಮುಂದುವರಿದಂತೆಲ್ಲ ಅದರ ಬಯಲು ವಿಸ್ತಾರವಾಗುತ್ತದೆ, ಮುಂದೆ ನಿಂತು ತಡೆಯುವ ಶತ್ರುವಿನ ಆನೆಯ ಬಯಲು ಕಿರಿದಾಗುತ್ತದೆ. 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಅಲೆಖಿನ್ ಮತ್ತು ಕಾಪಬ್ಲಾಂಕರ ನಡುವೆ ನಡೆದ ಜಗಜ್ಜೇತ ಪದವಿಯ ಪಂದ್ಯವು 34ನೆಯ ಆಟದಲ್ಲಿ ಮುಗಿಯಿತು. ಆ ಆಟದಲ್ಲಿ ಅಲೆಖಿನ್ನನಿಗೆ ಅಂಚಿನ ಸಾಲಿನಲ್ಲಿ ಇಂಥದೇ ಒಂದು ಕಾಲಾಳು. ಅದರ ಬೆನ್ನಿಗೆ ಆನೆ. ಅವನು ಕಾಲಾಳನ್ನು ಓಡಿಸಲಿಲ್ಲ. ಅದರ ಭಯದಿಂದ ಎದುರಾಳಿಯನ್ನು ಒಂದು ಬದಿಗೆ ಕಟ್ಟಿಹಾಕಿ, ತನ್ನ ರಾಜನನ್ನು ಇನ್ನೊಂದು ಬದಿಗೆ ನಡೆಸಿ ಅಲ್ಲಿ ಗೆದ್ದನು. ತಡೆಯಿಲ್ಲದ ಕಾಲಾಳಿನ ಬಲವು ಓಟದಲ್ಲಿ ಮಾತ್ರವಿಲ್ಲ, ಎದುರಾಳಿಯ ಗಮನವನ್ನು ಹಿಡಿದು ನಿಲ್ಲಿಸುವುದರಲ್ಲಿಯೂ ಇದೆ ಎಂಬುದು ಅದರಿಂದ ತಿಳಿಯತಕ್ಕದ್ದು.

ಆದರೆ ಕಾಲಾಳೂ ಆಕ್ರಮಣವೂ ಕೈಕೂಡಿದರೆ ಏನಾಗುವುದೆಂಬುದಕ್ಕೆ ನಮಗೆ ಅತಿ ಮೆಚ್ಚಿನ ಉದಾಹರಣೆ 1924ರದು. ಆ ವರ್ಷ ನ್ಯೂಯಾರ್ಕಿನಲ್ಲಿ ಹನ್ನೊಂದು ಮಂದಿ ಪ್ರಚಂಡರು ಸೇರಿದ್ದರು. ಹವಾನಾದಲ್ಲಿ ಹುಟ್ಟಿದ ಕಾಪಬ್ಲಾಂಕನು ಆಗ ಜಗಜ್ಜೇತ. ಎಂಟು ವರ್ಷಗಳ ಕಾಲ ಸೋಲನ್ನೇ ಕಾಣದಿದ್ದ ಅವನನ್ನು ಆ ಪಂದ್ಯಾವಳಿಯಲ್ಲಿಯೇ ರೇತಿ ಎಂಬಾತನು ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದನು. ಅದೇ ಪಂದ್ಯಾವಳಿಯಲ್ಲಿ ತಾರ್ತಕೋವರನೊಡನೆ ಆಡಿದ ಆಟದಲ್ಲಿ ಕಾಪಬ್ಲಾಂಕನು ಬಿಳಿಯ ಕಾಯಿಗಳನ್ನು ಹಿಡಿದಿದ್ದನು. 34ನೆಯ ನಡೆ ಮುಗಿದಾಗ ಇಬ್ಬರಿಗೂ ಒಂದೊಂದು ಆನೆ, ಐದೈದು ಕಾಲಾಳು. ಬಿಳಿಯ ಆನೆ ಎಚ್-7ರಲ್ಲಿ ನಿಂತು ಕರಿಯ ರಾಜನನ್ನು ಕೊನೆಯ ಸಾಲಿನಲ್ಲಿ ಕೂಡಿಹಾಕಿದೆ. ಜಿ-5ರಲ್ಲಿ ಬಿಳಿಯ ತಡೆಯಿಲ್ಲದ ಕಾಲಾಳೊಂದಿದೆ. ಆದರೆ ಕರಿಯ ಆನೆಯು ಸಿ-3ರ ಕಾಲಾಳಿಗೆ ಗುರಿಯಿಟ್ಟಿದೆ. ಸಾಮಾನ್ಯನಾದವನು ಏನು ಮಾಡುವನು? ಆ ಕಾಲಾಳನ್ನು ಕಾಯುವನು. ಕಾಯಲು ಹೋದರೆ ಆನೆಯು ತನ್ನ ದಿಗ್ಬಂಧನದ ಠಾಣ್ಯವನ್ನು ಬಿಡಬೇಕು ಇಲ್ಲವೆ ರಾಜನು ಹಿಂದಕ್ಕೆ ಸರಿಯಬೇಕು. ಬಂದ ಅವಕಾಶ ಕೈಬಿಟ್ಟಂತೆಯೇ ಸರಿ.

ಕಾಪಬ್ಲಾಂಕನು ಕಾಯಲಿಲ್ಲ. ರಾಜನನ್ನು ಜಿ-3ಕ್ಕೆ ಇಟ್ಟನು. ಕರಿಯ ಆನೆಯು ಶಹ ಕೊಡುತ್ತಲೇ ಸಿ-3ರ ಕಾಲಾಳನ್ನು ತಿಂದಿತು. ರಾಜನು ಎಚ್-4ಕ್ಕೆ ನಡೆದನು. ಆನೆಯು ಎಫ್-3ಕ್ಕೆ ಬಂದು ಇನ್ನೊಂದು ಕಾಲಾಳನ್ನು ಹೆದರಿಸಿತು. ಅದನ್ನೂ ಕಾಯದೆ ಅವನು ತಡೆಯಿಲ್ಲದ ಕಾಲಾಳನ್ನು ಜಿ-6ಕ್ಕೆ ದೂಡಿದನು. ಆನೆಯು ಎಫ್-4ರ ಕಾಲಾಳನ್ನೂ ಶಹದೊಡನೆ ತಿಂದಿತು. ರಾಜನು ಜಿ-5ಕ್ಕೆ ಬಂದನು. ಈಗ ಕರಿಯನಿಗೆ ಐದು ಕಾಲಾಳು, ಬಿಳಿಯನಿಗೆ ಮೂರೇ. ಲೆಕ್ಕದ ಪುಸ್ತಕವನ್ನು ನೋಡಿದರೆ ದಿವಾಳಿ. ಮುಂದಿನ ನಡೆಯಲ್ಲಿಯಂತೂ ಇನ್ನೂ ಆಶ್ಚರ್ಯ. ಎಫ್-5ರಲ್ಲಿ ಕರಿಯ ಕಾಲಾಳೊಂದು ರಾಜನ ಬಾಯಿಯ ಹತ್ತಿರವೇ ಇತ್ತು. ಅವನು ಅದನ್ನು ತಿನ್ನಲಿಲ್ಲ! ಅದರ ಪಕ್ಕದಿಂದ ಹಾದು ಎಫ್-6ಕ್ಕೆ ಹೋಗಿ ಅದರ ಬೆನ್ನಿಗೆ ನಿಂತನು. ಏಕೆಂದರೆ ಆ ಶತ್ರುವಿನ ಕಾಲಾಳೇ ಅವನಿಗೆ ಕೊಡೆಯಾಯಿತು. ಅದು ನಿಂತಿರುವವರೆಗೆ ಕರಿಯ ಆನೆಯು ಆ ಸಾಲಿನಲ್ಲಿ ಹಿಂದಿನಿಂದ ಶಹ ಕೊಡಲಾರದು. ಈಗ ಬಿಳಿಯ ಆನೆ ಎಚ್-8ಕ್ಕೆ ಬಂದರೆ ಕರಿಯ ರಾಜನಿಗೆ ಮಾತ್. ಅದನ್ನು ತಪ್ಪಿಸಿಕೊಳ್ಳುವುದರಲ್ಲಿಯೇ ಕರಿಯನ ಹೊತ್ತು ಹೋಯಿತು. ಬಿಳಿಯ ಆನೆಯು ಏಳನೆಯ ಸಾಲಿನ ಕಾಲಾಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಿತು. ನಡುವಿನ ಕಾಲಾಳು ಮುಂದೆ ನಡೆಯಿತು. 52ನೆಯ ನಡೆಗೆ ತಾರ್ತಕೋವರನು ಸೋಲನ್ನೊಪ್ಪಿದನು.

ಈ ಆಟದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಆಟದ ಆದಿಯಲ್ಲಿ ಕೋಟೆಯ ಮೂಲೆಯಲ್ಲಿ ಅಡಗಿರುವ ರಾಜನು ಕೊನೆಯಲ್ಲಿ ತಾನೇ ನಡೆದು ಬಯಲಿಗೆ ಬರಬೇಕು. ಅಲ್ಲಿ ಅವನಷ್ಟು ಉಪಯುಕ್ತನಾದ ಕೆಲಸಗಾರನು ಬೇರೊಬ್ಬನಿಲ್ಲ. ಎರಡನೆಯದು, ಎಷ್ಟು ಇದೆ ಎಂಬುದಕ್ಕಿಂತ ಎಲ್ಲಿದೆ, ಯಾವಾಗ ಒದಗುತ್ತದೆ ಎಂಬುದು ಮುಖ್ಯ. ಮೂರನೆಯದು, ಧೈರ್ಯವೆಂದರೆ ಕಣ್ಣುಮುಚ್ಚಿ ನುಗ್ಗುವುದಲ್ಲ. ಕಾಪಬ್ಲಾಂಕನು ಎರಡು ಕಾಲಾಳುಗಳನ್ನು ದಾನ ಮಾಡುವ ಮುಂಚೆ ರಾಜನು ಎಲ್ಲಿ ತಲುಪುವನು, ಅಲ್ಲಿ ಅವನಿಗೆ ನೆರಳು ಯಾವುದು ಎಂಬುದನ್ನು ಎಣಿಸಿಕೊಂಡಿದ್ದನು. ನಮ್ಮ ಬಾಲಕನೂ ಧೈರ್ಯಶಾಲಿಯೇ. ಎಣಿಕೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಗೆಲ್ಲುವುದೊಂದೇ ವಿದ್ಯೆಯಲ್ಲ, ಸೋಲದಿರುವುದೂ ವಿದ್ಯೆ. ಮೇಲೆ ಹೇಳಿದ ರೇತಿಯು 1921ರಲ್ಲಿ ಪ್ರಕಟಿಸಿದ ಸಮಸ್ಯೆಯೊಂದು ಜಗತ್ಪ್ರಸಿದ್ಧವಾಗಿದೆ. ಹಲಗೆಯ ಮೇಲೆ ನಾಲ್ಕೇ ಕಾಯಿಗಳು. ಬಿಳಿಯ ರಾಜ ಎಚ್-8ರ ಮೂಲೆಯಲ್ಲಿ, ಅವನ ಕಾಲಾಳು ಸಿ-6ರಲ್ಲಿ. ಕರಿಯ ರಾಜ ಎ-6ರಲ್ಲಿ, ಅವನ ಕಾಲಾಳು ಎಚ್-5ರಲ್ಲಿ. ಬಿಳಿಯನದು ಮೊದಲ ನಡೆ. ಕರಿಯ ಕಾಲಾಳನ್ನು ಬೆನ್ನಟ್ಟಿದರೆ ಎರಡು ಹೆಜ್ಜೆ ಸಾಲದು. ತನ್ನ ಕಾಲಾಳಿನ ಸಹಾಯಕ್ಕೆ ಹೋಗೋಣವೆಂದರೆ ಅದೂ ದೂರ. ಎರಡೂ ಅಸಾಧ್ಯ. ಆದರೆ ರಾಜನು ಜಿ-7, ಎಫ್-6, ಇ-5 ಎಂದು ಓರೆಯಾಗಿ ನಡೆದರೆ ಒಂದೊಂದು ಹೆಜ್ಜೆಯೂ ಎರಡೂ ಕೆಲಸಗಳಿಗೆ ಸಲ್ಲುತ್ತದೆ. ಕರಿಯನು ಕಾಲಾಳನ್ನು ಓಡಿಸಿದರೆ ಬಿಳಿಯ ರಾಜನು ತನ್ನ ಕಾಲಾಳನ್ನು ಸೇರುವನು. ಅದನ್ನು ತಿನ್ನಲು ನಿಂತರೆ ಅಷ್ಟರಲ್ಲಿ ಓಡುವ ಕಾಲಾಳನ್ನು ಹಿಡಿಯುವನು. ಆಟವು ಸಮ. ಎರಡು ಅಸಾಧ್ಯಗಳು ಕೂಡಿ ಒಂದು ಸಾಧ್ಯವಾದ ಈ ಚಮತ್ಕಾರವನ್ನು ಆರನೆಯ ಇಯತ್ತೆಯ ಮಕ್ಕಳಿಗೆ ತೋರಿಸಿದಾಗ ಅವರು ಚಪ್ಪಾಳೆ ತಟ್ಟಿದರು. ಗಣಿತದ ತಾಸಿನಲ್ಲಿ ನಮಗೆ ಅಂಥ ಚಪ್ಪಾಳೆ ಬಂದ ನೆನಪಿಲ್ಲ. ಆದರೆ ಅದು ಗಣಿತವೇ ಆಗಿತ್ತು.

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರಿಗೆ 2024ರ ಡಿಸೆಂಬರ್ 12ನೆಯ ದಿನವನ್ನು ನೆನಪಿಸುತ್ತೇವೆ. ಸಿಂಗಪುರದಲ್ಲಿ ಚೆನ್ನೈನ ಗುಕೇಶನೂ ಚೀನದ ಡಿಂಗ್ ಲಿರೆನ್ನನೂ ಜಗಜ್ಜೇತ ಪದವಿಗಾಗಿ ಹದಿಮೂರು ಆಟಗಳನ್ನು ಮುಗಿಸಿ ಆರೂವರೆ ಆರೂವರೆ ಅಂಕಗಳಲ್ಲಿ ಸರಿಸಮನಾಗಿದ್ದರು. ಹದಿನಾಲ್ಕನೆಯ ಆಟವೂ ಸಮವಾಗುವುದೆಂದೇ ಬಹುಮಂದಿ ಬಗೆದಿದ್ದರು. ಹದಿನೆಂಟರ ಹರೆಯದ ಗುಕೇಶನಿಗೆ ಒಂದು ಕಾಲಾಳು ಹೆಚ್ಚಾಗಿತ್ತು; ಅಷ್ಟರಿಂದ ಗೆಲುವು ಸಿದ್ಧವಾಗಿರಲಿಲ್ಲ. ಅವನು ಬಿಡದೆ ಕುಳಿತು ಆಡಿಸಿದನು. 55ನೆಯ ನಡೆಯಲ್ಲಿ ಡಿಂಗನು ಆನೆಗೆ ಆನೆಯನ್ನು ಕೊಟ್ಟು ಹೊರೆಯನ್ನು ಇಳಿಸಿಕೊಳ್ಳೋಣವೆಂದನು. ಆನೆಗಳು ಹೋದವು, ಆ ಬೆನ್ನಿಗೇ ಗುಕೇಶನು ಒಂಟೆಗಳನ್ನೂ ಬದಲಾಯಿಸಿದನು, ಉಳಿದದ್ದು ರಾಜರು ಮತ್ತು ಕಾಲಾಳುಗಳು ಮಾತ್ರ. ಆ ಹೆಚ್ಚಿನ ಕಾಲಾಳು ಆಗ ಸಾಕಾಯಿತು. 58ನೆಯ ನಡೆಗೆ ಆಟವೂ ಪದವಿಯೂ ಅವನ ಪಾಲಾದವು. ಹಲಗೆಯ ಮೇಲಣ ಕಾಯಿಗಳು ಕಡಿಮೆಯಾದರೆ ಚಿಂತೆಯೂ ಕಡಿಮೆಯಾಗುವುದೆಂಬ ಭ್ರಮೆ ಜಗಜ್ಜೇತನನ್ನೂ ಬಿಡಲಿಲ್ಲ. ದಣಿದವನಿಗೆ ಅದು ಇನ್ನೂ ಬೇಗ ಹತ್ತುವುದು.

ಇನ್ನು ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ನಾವು ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ, ಕನ್ನಡ ಮಾಧ್ಯಮದಲ್ಲಿಯೇ ಶಾಲಾಂತ್ಯದ ಪರೀಕ್ಷೆಯನ್ನು ಮುಗಿಸಿ ಈ ಮುಂಬಯಿಗೆ ಬಂದವರು. ಚದುರಂಗವನ್ನು ಕಲಿತದ್ದು ಗುಡಿಯ ಕಟ್ಟೆಯ ಮೇಲೆ. ಆ ಕಟ್ಟೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಯುತ್ತಿತ್ತು. ಕೊನೆಯ ಸಾಲನ್ನು ಮುಟ್ಟಿದರೆ ಯಾವ ಕಾಯಿಯ ಮನೆಯನ್ನು ಮುಟ್ಟಿತೋ ಆ ಕಾಯಿಯೇ ಆಗುತ್ತಿತ್ತು. ನಗರಕ್ಕೆ ಬಂದು ಬೇರೆ ನಿಯಮಗಳಲ್ಲಿ ಆಡಿದಾಗ ನಾಚಿಕೆಪಟ್ಟದ್ದೂ ಉಂಟು. ಬಹುದಿನಗಳ ಮೇಲೆ ಪಂಜಾಬಿನ ಮೀರ್ ಸುಲ್ತಾನ್ ಖಾನರ ಸಂಗತಿಯನ್ನು ಓದಿ ಆ ನಾಚಿಕೆ ಹೋಯಿತು. ಅವರೂ ಮೊದಲು ಕಲಿತದ್ದು ಭಾರತೀಯ ಪದ್ಧತಿಯ ಆಟವನ್ನೇ. ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಆದರು; ಹೇಸ್ಟಿಂಗ್ಸ್ ನಗರದಲ್ಲಿ ಕಾಪಬ್ಲಾಂಕನನ್ನೇ ಸೋಲಿಸಿದರು. ಪುಸ್ತಕದ ಆರಂಭದ ನಡೆಗಳಲ್ಲಿ ಅವರು ಯೂರೋಪಿನವರಿಗಿಂತ ಹಿಂದಿದ್ದರು. ನಡು ಆಟದಲ್ಲಿಯೂ ಕೊನೆಯಾಟದಲ್ಲಿಯೂ ಆ ಬಾಕಿಯನ್ನು ಬಡ್ಡಿಸಹಿತ ತೀರಿಸುತ್ತಿದ್ದರು. ಜಾಗತಿಕ ಚದುರಂಗ ಸಂಸ್ಥೆಯು 2024ರಲ್ಲಿ, ಅವರ ಮರಣದ ಎಷ್ಟೋ ವರ್ಷಗಳ ಮೇಲೆ, ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟಿತು.

ನಮ್ಮ ವಾದದ ತಿರುಳು ಇಲ್ಲಿದೆ. ನಗರದ ದೊಡ್ಡ ಶಾಲೆಗಳ ಮಕ್ಕಳಿಗೆ ತಾಸಿಗೆ ಇಷ್ಟೆಂದು ಶುಲ್ಕ ಪಡೆಯುವ ತರಬೇತುದಾರರಿದ್ದಾರೆ. ಗಣಕಯಂತ್ರದ ನೆರವಿನಿಂದ ಆರಂಭದ ಇಪ್ಪತ್ತು ನಡೆಗಳನ್ನು ಅವರು ಕಂಠಪಾಠ ಮಾಡಿ ಬರುತ್ತಾರೆ. ಆ ಓಟದಲ್ಲಿ ನಮ್ಮ ಮಕ್ಕಳು ಅವರನ್ನು ಹಿಡಿಯಲಾರರು. ಹಿಡಿಯಬೇಕಾಗಿಯೂ ಇಲ್ಲ. ಕೊನೆಯಾಟಕ್ಕೆ ಬೇಕಾದದ್ದು ಒಂದು ಹಲಗೆ, ನಾಲ್ಕು ಕಾಯಿ, ಎರಡು ಗುಂಡಿ, ಸ್ವಲ್ಪ ತಾಳ್ಮೆ. ಕಾಪಬ್ಲಾಂಕನೇ 1921ರಲ್ಲಿ ಪ್ರಕಟವಾದ ತನ್ನ ‘ಚೆಸ್ ಫಂಡಮೆಂಟಲ್ಸ್’ ಪುಸ್ತಕವನ್ನು ಸರಳವಾದ ಮಾತ್‌ಗಳಿಂದಲೂ ಕೊನೆಯಾಟಗಳಿಂದಲೂ ಆರಂಭಿಸಿದ್ದಾನೆ. ಅದನ್ನು ಇಂಗ್ಲಿಷಿನಲ್ಲಿ ಓದಲು ನಮಗೆ ನಿಘಂಟು ಬೇಕಾಯಿತು, ನಿಜ. ಆದರೆ ಓದಿದ್ದನ್ನು ಕನ್ನಡದಲ್ಲಿ ವಿವರಿಸಿದಾಗ ಮಕ್ಕಳಿಗೆ ಯಾವುದೂ ಕಠಿಣವೆನಿಸಲಿಲ್ಲ. ತಿಳಿವಳಿಕೆಗೆ ಭಾಷೆಯು ಅಡ್ಡಿಯಲ್ಲವೆಂಬುದನ್ನು ಭಾಷಣಗಳಿಂದ ಸಾಧಿಸುವುದಕ್ಕಿಂತ ಹೀಗೆ ಸಾಧಿಸುವುದು ಲೇಸು.

ಆಕ್ಷೇಪಗಳಿಗೆ ಉತ್ತರ ಹೇಳದೆ ಮುಂದುವರಿಯಲಾಗದು. ‘ಇದು ಜೂಜಿನ ಸಂಬಂಧಿಯಲ್ಲವೆ? ಧರ್ಮರಾಯನು ಕೆಟ್ಟದ್ದು ಇದರಿಂದಲೇ ಅಲ್ಲವೆ?’ ಎಂದು ಹಿರಿಯರೊಬ್ಬರು ಕೇಳಿದರು. ಧರ್ಮರಾಯನು ಸೋತದ್ದು ದಾಳದ ಆಟದಲ್ಲಿ. ದಾಳವು ದೈವದ ಕೈಯದು. ಚದುರಂಗದಲ್ಲಿ ದಾಳವಿಲ್ಲ, ಮಾಡಿದ್ದುಣ್ಣೋ ಮಹಾರಾಯ ಎಂಬುದೇ ಅದರ ಧರ್ಮ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯ ಬಂಧಗಳನ್ನೂ ಬಗೆಬಗೆಯ ಹಲಗೆಯಾಟಗಳನ್ನೂ ರಚಿಸಿದವರೆಂಬುದನ್ನು ನೆನೆದರೆ ಕನ್ನಡಿಗರಿಗೆ ಇದು ಹೊರಗಿನದೂ ಅಲ್ಲ. ‘ಮಕ್ಕಳು ಹೇಗೂ ಮೊಬೈಲಿನಲ್ಲಿ ಆಡುತ್ತಾರಲ್ಲ, ಶಾಲೆಯಲ್ಲೇಕೆ?’ ಎಂಬುದು ಇನ್ನೊಂದು ಮಾತು. ಅಲ್ಲಿ ಅವರು ಆಡುವುದು ಮೂರು ನಿಮಿಷದ, ಒಂದು ನಿಮಿಷದ ಆಟಗಳನ್ನು. ಕೊನೆಯಾಟವು ಬರುವ ಮುಂಚೆಯೇ ಗಡಿಯಾರವು ತೀರ್ಪನ್ನು ಕೊಟ್ಟುಬಿಡುತ್ತದೆ. ಸೋತವನು ಏಕೆ ಸೋತೆನೆಂದು ಯೋಚಿಸುವ ಬದಲು ಬೆರಳನ್ನೊತ್ತಿ ಮತ್ತೊಂದು ಆಟವನ್ನು ತೆರೆಯುತ್ತಾನೆ. ಏಳು ಕಾಯಿಗಳವರೆಗಿನ ಕೊನೆಯಾಟಗಳ ಫಲವನ್ನು ಯಂತ್ರಗಳು ಇಂದು ಲೆಕ್ಕಹಾಕಿ ಇಟ್ಟಿವೆ. ಯಂತ್ರಕ್ಕೆ ತಿಳಿದಿದೆಯೆಂದ ಮಾತ್ರಕ್ಕೆ ಬಾಲಕನಿಗೆ ತಿಳಿದಂತಾಗಲಿಲ್ಲ. ಮಗ್ಗಿಯು ಗೋಡೆಯ ಮೇಲೆ ತೂಗುತ್ತಿದ್ದರೆ ಲೆಕ್ಕ ಬಂದಂತಾಯಿತೆ?

ಗಣಿತದ ಮಾತು ಮಾತ್ರ ನಿಜವಾಗಿಯೂ ತೂಕವುಳ್ಳದ್ದು. ಪರೀಕ್ಷೆಯಲ್ಲಿ ಅಂಕಗಳು ಬೇಕು. ಅಂಕಗಳಿಲ್ಲದೆ ಈ ನಗರದಲ್ಲಿ ಮುಂದಿನ ದಾರಿಯಿಲ್ಲ. ಆದುದರಿಂದ ಹತ್ತನೆಯ ಇಯತ್ತೆಯವರಿಗೆ ದಿವಾಳಿಯ ರಜೆಯಿಂದ ಪರೀಕ್ಷೆಯವರೆಗೆ ಆ ತಾಸನ್ನು ಗಣಿತಕ್ಕೆ ಬಿಟ್ಟುಕೊಡಲು ನಾವು ಸಿದ್ಧರು. ಆದರೆ ಐದರಿಂದ ಒಂಬತ್ತನೆಯ ಇಯತ್ತೆಯವರಿಂದ ಅದನ್ನು ಕಿತ್ತುಕೊಳ್ಳಬಾರದೆಂದು ಬೇಡುತ್ತೇವೆ. ಮೂರು ತಾಸಿನ ಪ್ರಶ್ನಪತ್ರಿಕೆಯ ಕೊನೆಯ ಅರ್ಧ ತಾಸಿನಲ್ಲಿ ಕೈಕಟ್ಟಿ ಕುಳಿತುಕೊಳ್ಳುವ ಮಕ್ಕಳನ್ನು ನಾವು ವರ್ಷವರ್ಷವೂ ಮೇಲ್ವಿಚಾರಕರಾಗಿ ನೋಡುತ್ತೇವೆ. ಬಾರದ ಲೆಕ್ಕವನ್ನು ಇನ್ನೊಮ್ಮೆ ಮುಟ್ಟಿ ನೋಡುವ ಛಲವನ್ನು ಯಾವ ಗಣಿತದ ತಾಸೂ ಅವರಿಗೆ ಕಲಿಸಿಲ್ಲ. ಒಂದೇ ಆನೆ, ಮೂರೇ ಕಾಲಾಳು ಉಳಿದಾಗಲೂ ಗೆಲುವಿನ ದಾರಿಯನ್ನು ಹುಡುಕುವವನು ಆ ಅರ್ಧ ತಾಸನ್ನು ವ್ಯರ್ಥವಾಗಿ ಕಳೆಯಲಾರನು.

ಕೊನೆಯದಾಗಿ ಹಿರಿಯರಲ್ಲಿ ಒಂದು ಬಿನ್ನಹ. ಈ ನಗರದ ಕನ್ನಡ ಶಾಲೆಗಳದು ಈಗ ಕೊನೆಯಾಟವೆಂದು ಹಲವರು ಮರುಕದಿಂದ ನುಡಿಯುತ್ತಾರೆ. ತರಗತಿಯ ಬೆಂಚುಗಳು ಖಾಲಿಯಾಗುತ್ತಿರುವುದು ಸುಳ್ಳಲ್ಲ. ಹಲಗೆಯ ಮೇಲೆ ಕಾಯಿಗಳು ಕಡಿಮೆಯೇ ಆಗಿವೆ. ಆದರೆ ಕೊನೆಯಾಟವೆಂದರೆ ಆಟ ಮುಗಿಯಿತೆಂದು ಅರ್ಥವಲ್ಲ. ಉಳಿದ ಒಂದೊಂದು ಕಾಲಾಳಿಗೂ ಬೆಲೆ ಹೆಚ್ಚಿತೆಂದು ಅರ್ಥ. ತರಗತಿಯಲ್ಲಿ ಹದಿನಾಲ್ಕೇ ಮಕ್ಕಳಿರುವಾಗ ಹದಿನಾಲ್ವರನ್ನೂ ಹೆಸರು ಹಿಡಿದು ಕೂಗಿ, ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ಕಲಿಸಬಹುದು. ಅವರಲ್ಲಿ ಯಾರ ದಾರಿಗೆ ತಡೆಯಿಲ್ಲವೋ ಹೇಳಬಲ್ಲವರು ಯಾರು? ಆದರೆ ಆ ಕಾಲಾಳುಗಳು ತಾವಾಗಿಯೇ ಎಂಟನೆಯ ಸಾಲನ್ನು ಮುಟ್ಟುವುದಿಲ್ಲ. ರಾಜನು ಮೂಲೆಯನ್ನು ಬಿಟ್ಟು ಬರಬೇಕು. ನಮ್ಮಲ್ಲಿ ರಾಜರೆಂದರೆ ಯಾರು? ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಶಾಲು ಹೊದೆಯುವ ಹಿರಿಯರು. ಹಾಜರಿ ಪುಸ್ತಕದ ಹಿಂದೆ ಅಡಗಿಕೊಳ್ಳುವ ನಾವು ಶಿಕ್ಷಕರು. ಇಬ್ಬರೂ ಕೋಟೆಯೊಳಗೆ ಸುರಕ್ಷಿತವಾಗಿದ್ದುದು ಸಾಕು.

ಹಣವನ್ನು ಕೇಳುತ್ತಿಲ್ಲ. ತಿಂಗಳಿಗೊಂದು ಶನಿವಾರ, ಒಂದು ತಾಸು, ಶಾಲೆಗೆ ಬಂದು ಒಂದು ಮಗುವಿನ ಎದುರಿಗೆ ಕುಳಿತು ಆಡಿರಿ. ಆಟ ಬಾರದಿದ್ದರೆ ಮಗುವೇ ಕಲಿಸುವುದು. ಆ ಗೌಂಡಿ ಅರ್ಧ ದಿನದ ಪಗಾರನ್ನು ಬಿಟ್ಟು ಬರಬಹುದಾದರೆ ಉಳಿದವರಿಗೆ ಒಂದು ತಾಸು ಭಾರವಾಗಲಾರದು.

ನಮ್ಮ ಬಾಲಕನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವನು ಈಗ ಶನಿವಾರಗಳಲ್ಲಿ ಕಿರಿಯರಿಗೆ ಆ ತನ್ನ ಆಟದ ಕೊನೆಯ ಸ್ಥಿತಿಯನ್ನೇ ಹಲಗೆಯ ಮೇಲಿಟ್ಟು ತೋರಿಸುತ್ತಾನೆ: “ಇಲ್ಲಿ ನಾ ಆನೀನ ಮುಂದ ಇಟ್ಟೆ, ನೀವು ಹಿಂದ ಇಡ್ರಿ.” ತನ್ನ ತಪ್ಪನ್ನು ಇತರರ ಉಪಯೋಗಕ್ಕಾಗಿ ನಾಚಿಕೆಯಿಲ್ಲದೆ ಹೇಳಬಲ್ಲ ಬಾಲಕನು ಆ ಪಂದ್ಯದಿಂದ ಬರಿಗೈಯಲ್ಲಿ ಬರಲಿಲ್ಲವೆಂದು ನಮಗನ್ನಿಸುತ್ತದೆ. ಮುಂದಿನ ಸಭೆಯಲ್ಲಿ ನಿರ್ಣಯಕ್ಕೆ ಕೈಯೆತ್ತುವ ಮುಂಚೆ ಪಾಲಕರು ಒಂದು ಶನಿವಾರ ಬಂದು ಅವನ ಪಾಠವನ್ನು ಕೇಳಬೇಕೆಂದು ವಿನಂತಿಸುತ್ತೇವೆ. ಆ ಮೇಲೆ ಅವರು ಕೊಡುವ ತೀರ್ಪಿಗೆ ನಾವು ತಲೆಬಾಗುತ್ತೇವೆ.